ಒಂದು ಕಡೆ ವಿಜಯಪುರ, ಒಂದು ಕಡೆ ಬೆಳಗಾವಿ

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಬೆಳಗಾವಿಯ ಟಿಳಕವಾಡಿಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಓದಲು ಬಂದು ನಿನಗೆ ಎರಡು ತಿಂಗಳು. ಜೊತೆಗಿದ್ದ ಹುಡುಗ ಮೂರು ತಿಂಗಳಿಗೆ ಅಂತ ತನ್ನೂರಿಗೆ ಹೋಗುವಾಗ, ಸಾಕಿದ ಬಾಲ್ ಪೈಥಾನ್ ಹಾವನ್ನು ನಿನ್ನ ಕೋಣೆಯಲ್ಲಿಟ್ಟು, ಅದರ ಊಟಕ್ಕೆ ಅಂತ ಫ್ರೀಜರ್‌ನಲ್ಲಿ ಎಂಟು ಸತ್ತ ಇಲಿ ಇಟ್ಟು ಹೋಗಿದ್ದಾನೆ. ಮೂರು ವಾರವಾದರೂ ಹಾವು ಒಂದನ್ನೂ ಮುಟ್ಟಿಲ್ಲ. "ಇದು ಸತ್ತರೆ ಏನು ಮಾಡಲಿ ಅಕ್ಕಾ? ಇಷ್ಟು ಖರ್ಚಿನ ಊರಲ್ಲಿ ಬದುಕೋದಾದರೂ ಹೇಗೆ?" ಅಂತ ಕೇಳಿದ್ದೀಯ. ನನಗೆ ಎರಡೂ ಒಂದೇ ಪ್ರಶ್ನೆ ಅನ್ನಿಸಿತು.

ಮೊದಲು ಹಾವಿನ ಮಾತು. ಮೂರು ವಾರಕ್ಕೆ ಅದು ಸಾಯುವುದಿಲ್ಲ.

ನಾನು ವಿಜಯಪುರದವಳು. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಮನೆಯಲ್ಲಿ ಮೊಟ್ಟೆ ಕೂಡ ತರದ ನಾನು ಹಾವು ಸಾಕುತ್ತೇನೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಮಗ ಹನ್ನೊಂದನೇ ವಯಸ್ಸಿನಲ್ಲಿ ಹಟ ಹಿಡಿದು ಒಂದು ಬಾಲ್ ಪೈಥಾನ್ ತರಿಸಿದ. ಈಗ ಅವನು ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ, ಹಾವು ನನ್ನ ಪಾಲಿಗೆ ಬಂದಿದೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಇದೇ ಜಾತಿಯ ಒಂದು ಹಾವು 2020ರಲ್ಲಿ ಮೊಟ್ಟೆ ಇಟ್ಟಿತ್ತು. ಆ ಸುದ್ದಿ ಓದಿದ ದಿನ ನಮ್ಮ ಮನೆಯವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

ಇದು ನಮ್ಮ ಹೆಬ್ಬಾವಿನ ಸಣ್ಣ ನೆಂಟ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಕಡೆಯದು. ಹೆದರಿದರೆ ತಲೆ ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ 'ಬಾಲ್' ಅನ್ನುವ ಹೆಸರು. ಇಲ್ಲಿನ ಅಂಗಡಿಗಳಲ್ಲಿ ರಾಯಲ್ ಪೈಥಾನ್ ಅನ್ನುತ್ತಾರೆ. ಊಟ ಬಿಡುವುದರಲ್ಲಿ ಇದರಷ್ಟು ಹೆಸರು ಮಾಡಿದ ಸಾಕುಹಾವು ಇನ್ನೊಂದಿಲ್ಲ. ಚಳಿಗಾಲದಲ್ಲಿ, ಅದರಲ್ಲೂ ಬೆಳೆದ ಗಂಡು ಹಾವು, ತಿಂಗಳುಗಟ್ಟಲೆ ತಿನ್ನದೆ ಇರುವುದು ಮಾಮೂಲು. ಪೊರೆ ಬಿಡುವ ಮುಂಚೆ ಕಣ್ಣು ಹಾಲು ನೀಲಿ ಆಗುತ್ತದಲ್ಲ, ಆಗಲೂ ತಿನ್ನುವುದಿಲ್ಲ. ಜಾಗ ಬದಲಾದರೂ ಅಷ್ಟೇ.

ನಮ್ಮದು ಒಂದು ವರ್ಷ ದೀಪಾವಳಿಗೆ ಬಾಯಿ ಮುಚ್ಚಿದ್ದು, ಯುಗಾದಿ ಆದ ಮೇಲೇ ತೆರೆಯಿತು. ಐದು ತಿಂಗಳು! ನಾನು ಪ್ರತಿ ವಾರ ಅತ್ತಿದ್ದೇನೆ. ಶಿವರಾತ್ರಿ ದಿನ ಅವ್ವ ವಿಡಿಯೋ ಕಾಲ್‌ನಲ್ಲಿ ನೋಡಿ, "ಅದು ಶಿವನ ಕೊರಳಾಗಿಂದು, ಉಪವಾಸ ಮಾಡಿದರ ನಿನಗೇನ ತ್ರಾಸ?" ಅಂದಳು. ಆ ಐದು ತಿಂಗಳಲ್ಲಿ ಹಾವು 1480 ಗ್ರಾಂನಿಂದ 1410ಕ್ಕೆ ಇಳಿದಿತ್ತು, ಅಷ್ಟೇ. ಅವ್ವ ಹೇಳಿದ್ದೇ ಸರಿ.

ಅದಕ್ಕೇ ಹೇಳುತ್ತೇನೆ, ದಿನ ಎಣಿಸಬೇಡ, ತೂಕ ನೋಡು. ಡಬ್ಬಿಯಲ್ಲಿ ಕೂರಿಸಿ ವಾರಕ್ಕೊಮ್ಮೆ ತೂಗಿ ಬರೆದಿಡು. ನೂರಕ್ಕೆ ಹತ್ತು ಪಾಲು ತೂಕ ಇಳಿದರೆ, ಬೆನ್ನುಮೂಳೆ ಎದ್ದು ಕಂಡರೆ, ಉಸಿರಾಟದಲ್ಲಿ ಸಿಳ್ಳೆ ಕೇಳಿಸಿದರೆ, ಮೂಗು ಬಾಯಲ್ಲಿ ಗುಳ್ಳೆ ಬಂದರೆ ಕಾಯಬೇಡ, ಡಾಕ್ಟರ ಹತ್ತಿರ ಹೋಗು. ನಾಯಿ ಬೆಕ್ಕು ನೋಡುವವರೆಲ್ಲ ಹಾವು ನೋಡುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗು. ನಮಗಿದ್ದ ಹಾಗೆ ಪ್ರಾಣಿಗಳಿಗೆ ಸರ್ಕಾರಿ ಆಸ್ಪತ್ರೆ ಇಲ್ಲ, ದುಡ್ಡು ಕೈಯಿಂದಲೇ. ಹಾಲು ಕುಡಿಸು ಅಂತ ನಿಮ್ಮ ಕಾಕು ಹೇಳಿದ್ದನ್ನು ಮಾತ್ರ ಮಾಡಬೇಡ. ಪಂಚಮಿಗೆ ಮಣ್ಣಿನ ನಾಗಪ್ಪನಿಗೆ ಎರೆಯುವುದು ಬೇರೆ. ಜೀವದ ಹಾವಿಗೆ ಹಾಲು ಜೀರ್ಣವಾಗುವುದಿಲ್ಲ.

ಇನ್ನು ನಿನ್ನ ಪತ್ರದಲ್ಲಿ ನನಗೆ ಚುಚ್ಚಿದ ಎರಡು ಸಾಲು. "ಬಿಲ್ ಉಳಿಸೋಣ ಅಂತ ರಾತ್ರಿ ಹಾವಿನ ಪೆಟ್ಟಿಗೆ ಬೆಚ್ಚಗಿಡುವ ಹೀಟ್ ಮ್ಯಾಟ್ ಆಫ್ ಮಾಡುತ್ತೇನೆ." "ತಿನ್ನದ ಇಲಿಯನ್ನು ವಾಪಸ್ ಫ್ರೀಜರ್‌ಗೆ ಇಡುತ್ತೇನೆ." ಸಿಕ್ಕಿಬಿದ್ದೆ ನೋಡು!

ಹಾವಿನ ಮೈಗೆ ತನ್ನದೇ ಬಿಸಿ ಇಲ್ಲ. ಸುತ್ತಲಿನ ಬಿಸಿಯಿಂದಲೇ ಅದಕ್ಕೆ ಜೀರ್ಣ ಆಗಬೇಕು. ತಣ್ಣಗಿದ್ದಾಗ ತಿಂದರೆ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೇ ವಾಂತಿ ಆಗುತ್ತದೆ. ಹಾಗಾಗಿ ತಿನ್ನದೆ ಇದ್ದು ಅದು ಬುದ್ಧಿವಂತಿಕೆ ಮಾಡಿದೆ. ನನ್ನ ಮಗನಿಗೆ ನಾನು ಹೇಳಿಕೊಟ್ಟ ಲೆಕ್ಕ ಇದು: ಪೆಟ್ಟಿಗೆಯ ಒಂದು ಕಡೆ ವಿಜಯಪುರ, ಇನ್ನೊಂದು ಕಡೆ ಬೆಳಗಾವಿ. ವಿಜಯಪುರದ ಕಡೆ 31ರಿಂದ 33 ಡಿಗ್ರಿ. ಬೆಳಗಾವಿ ಕಡೆ 24ರಿಂದ 26. ಹಾವು ತನಗೆ ಬೇಕಾದಾಗ ಬೇಕಾದ ಊರಿಗೆ ಹೋಗುತ್ತದೆ. ಗಾಳಿಯ ತೇವ ಮಾತ್ರ ಎರಡೂ ಕಡೆ ಒಂದೇ, ನೂರಕ್ಕೆ ಸುಮಾರು 60ರಷ್ಟು. ಇಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಹಪ್ಪಳ ಒಣಗಿಸುವಷ್ಟು ಒಣ, ಅದಕ್ಕೇ ನೀರಿನ ಬಟ್ಟಲು ದೊಡ್ಡದಿರಲಿ. ಎರಡೂ ಊರಲ್ಲಿ ಅಡಗಲು ಒಂದೊಂದು ಗೂಡು ಬೇಕು. ಚಪ್ಪಲಿ ಡಬ್ಬಿಗೆ ತೂತು ಮಾಡಿದರೂ ಸಾಕು. ಪೆಟ್ಟಿಗೆಯನ್ನು ಕಿಟಕಿ ಪಕ್ಕದಿಂದ ತೆಗೆ.

ಮ್ಯಾಟ್‌ಗೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇದೆಯೋ ನೋಡು. ನಮಗೆ ಮೊದಲು ಮಾರಿದ ಅಂಗಡಿಯವನು ಅದರ ಸುದ್ದಿಯೇ ಎತ್ತಲಿಲ್ಲ. ಹಾವಿನ ಹೊಟ್ಟೆಯ ಚರ್ಮ ಬೆಂದು ಕೆಂಪಾದ ಮೇಲೆ ನಮಗೆ ಗೊತ್ತಾಯಿತು.

ಈಗ ಬಿಲ್. ಇಪ್ಪತ್ತು ವ್ಯಾಟ್‌ನ ಮ್ಯಾಟ್ ದಿನವಿಡೀ ಉರಿದರೆ ಅರ್ಧ ಯೂನಿಟ್ ಕೂಡ ಆಗುವುದಿಲ್ಲ. ಯೂನಿಟ್‌ಗೆ 25 ಪೆನ್ಸ್ ಅಂತ ಹಿಡಿದರೆ ದಿನಕ್ಕೆ 12 ಪೆನ್ಸ್. ನೀನು ಅದನ್ನು ರೂಪಾಯಿ ಮಾಡಲು ನೂರು ಚಿಲ್ಲರೆಯಿಂದ ಗುಣಿಸಿ, ಮೂವತ್ತು ದಿನಕ್ಕೆ ಕೂಡಿಸಿ, ಬ್ಯಾಂಕ್ ಸಾಲ ನೆನೆಸಿಕೊಂಡು ಸ್ವಿಚ್ ಆರಿಸಿದ್ದೀಯ. ನನಗೆ ಗೊತ್ತು, ನಾನೂ ಮೊದಲ ವರ್ಷ ಕೊತ್ತಂಬರಿ ಕಟ್ಟನ್ನು ಕೈಯಲ್ಲಿ ಹಿಡಿದು ಗುಣಿಸಿ ವಾಪಸ್ ಇಟ್ಟವಳು. ಚಳಿಗಾಲದಲ್ಲಿ ಹೀಟರ್ ಹಾಕದೆ ಎರಡು ರಗ್ಗು ಹೊದ್ದು ಕೂತು, ಗೋಡೆಗೆ ಬೂಷ್ಟು ಬಂದು, ಕೆಮ್ಮು ಹಿಡಿದು ಹದಿನೈದು ದಿನ ಕೆಲಸ ತಪ್ಪಿಸಿದ್ದೇನೆ. ಉಳಿಸಿದ್ದಕ್ಕಿಂತ ಕಳೆದದ್ದು ಜಾಸ್ತಿ. ಇಲ್ಲಿ ಎಲ್ಲದರಲ್ಲೂ ಉಳಿಸಬಹುದು: ಹೊರಗಿನ ಊಟ, ಹೊಸ ಕೋಟು, ಟ್ಯಾಕ್ಸಿ. ಬಿಸಿಯಲ್ಲಿ ಮಾತ್ರ ಬೇಡ. ನಿನ್ನ ಕೋಣೆ ಹಾವಿಗೆ ತಣ್ಣಗಾಗಿದ್ದರೆ ನಿನಗೂ ತಣ್ಣಗೇ ಇದೆ, ಅಲ್ವಾ? ನೀನೂ ಮೂರು ವಾರದಿಂದ ಬ್ರೆಡ್ಡು ತಿಂದು ಮಲಗುತ್ತಿದ್ದೀಯ ಅಂತ ಬರೆದಿದ್ದೀಯಲ್ಲ. ರೂಪಾಯಿ ಲೆಕ್ಕ ಊರಿಗೆ ದುಡ್ಡು ಕಳಿಸುವ ದಿನ ಮಾಡು. ಉಳಿದ ದಿನ ಪೌಂಡ್‌ನಲ್ಲೇ ಯೋಚಿಸು. ದುಡಿದರೆ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ದಾಟಬೇಡ, ವೀಸಾಗೆ ಕುತ್ತು.

ಇಲಿ ವಿಷಯ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬಾರದು, ಬಿಸಾಡು. ದಿನ ಬಿಟ್ಟು ದಿನ ತೋರಿಸುವುದನ್ನು ನಿಲ್ಲಿಸು. ಬಿಸಿ ಸರಿ ಮಾಡಿ ಹತ್ತು ದಿನ ಸುಮ್ನೆ ಬಿಡು, ತೂಗುವುದಕ್ಕೆ ಬಿಟ್ಟರೆ ಮುಟ್ಟಲೂ ಬೇಡ. ಆಮೇಲೆ ಒಂದು ಇಲಿಯನ್ನು ಚೀಲದಲ್ಲೇ ರಾತ್ರಿಯಿಡೀ ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಇಡು. ಮರುದಿನ ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡು. ಮೈಕ್ರೋವೇವ್ ಬೇಡ, ಹೊಟ್ಟೆ ಒಡೆದು ಮನೆಯೆಲ್ಲ ನಾರುತ್ತದೆ. ಪಾತ್ರೆ ಬೇರೆ ಇರಲಿ. ಕೈ ಸೋಪು ಹಾಕಿ ತೊಳೆ, ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ಸುಳ್ಳಲ್ಲ.

ನಮ್ಮದು ಐದು ತಿಂಗಳ ಉಪವಾಸ ಮುರಿದು ತಿಂದ ರಾತ್ರಿಯ ಕಥೆ ಹೇಳುತ್ತೇನೆ. ಒಂಬತ್ತು ಗಂಟೆಗೆ ದೀಪ ಆರಿಸಿದೆ. ಇಕ್ಕಳದಲ್ಲಿ ಇಲಿಯ ಬಾಲ ಹಿಡಿದು, ಅದರ ತಲೆಗೆ ಹೇರ್ ಡ್ರೈಯರ್ ಹಿಡಿದೆ, ನನ್ನ ಮದುವೆಗೆ ನಾದಿನಿ ಕೊಟ್ಟದ್ದು. ಹಾವಿನ ತುಟಿ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ, ಬಿಸಿಯನ್ನು ಅದರಿಂದಲೇ ಕಾಣುತ್ತದೆ. ತಣ್ಣನೆ ಇಲಿ ಅದಕ್ಕೆ ಇಲಿಯೇ ಅಲ್ಲ. ಗೂಡಿನ ಬಾಯಿಗೆ ಇಲಿ ತಂದು ಹಿಡಿದೆ. ನಾಲಿಗೆ ಹೊರಗೆ ಬಂತು, ಒಳಗೆ ಹೋಯಿತು. ಕುತ್ತಿಗೆ ನಿಧಾನ ಮಡಚಿಕೊಂಡಿತು. ನನ್ನ ತೋಳು ನೋಯುತ್ತಿತ್ತು. ಟಪ್ ಅಂದಿದ್ದಷ್ಟೇ ಗೊತ್ತು, ಇಕ್ಕಳ ಖಾಲಿ. ನಾಲ್ಕು ಸುತ್ತು ಹಾಕಿ ಹಿಂಡುತ್ತಿತ್ತು. ನಾನು ಕತ್ತಲಲ್ಲೇ ನೆಲದ ಮೇಲೆ ಕೂತು ಅವ್ವನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ರಾತ್ರಿ ಒಂದೂವರೆ. ಬೈಸಿಕೊಂಡೆ.

ತಿಂದ ಮೇಲೆ ಎರಡು ದಿನ ಎತ್ತಬೇಡ. ಜೀವಂತ ಇಲಿ ಹಾಕುವ ಯೋಚನೆಯೂ ಬೇಡ, ಅದು ಹಾವನ್ನೇ ಕಚ್ಚುತ್ತದೆ.

"ನನ್ನದಲ್ಲವಲ್ಲ, ನಾನು ಸುಮ್ನೆ ನೋಡಿಕೊಳ್ಳುತ್ತಿದ್ದೇನೆ" ಅಂದಿದ್ದೀಯ. ಇಲ್ಲಿ ಆ ಮಾತು ನಡೆಯುವುದಿಲ್ಲ. 2006ರ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ, ಸ್ವಲ್ಪ ದಿನಕ್ಕಾದರೂ ಸರಿ, ಪ್ರಾಣಿ ಯಾರ ಕೈಯಲ್ಲಿದೆಯೋ ಹೊಣೆ ಅವರದ್ದೇ. ಬಾಡಿಗೆ ಕರಾರಿನಲ್ಲಿ ಪ್ರಾಣಿ ಇಡಬಹುದು ಅಂತ ಇದೆಯೋ ಅದನ್ನೂ ಓದು. ಆ ಹುಡುಗನಿಗೆ ಇವತ್ತೇ ಮೆಸೇಜು ಹಾಕಿ ಕೊನೆಗೆ ಯಾವಾಗ ತಿಂದಿತ್ತು, ಎಷ್ಟು ತೂಕ ಇತ್ತು ಕೇಳು. ಮುಚ್ಚಿಡಬೇಡ.

ಈಗ ಎದ್ದು ಮೊದಲು ಸ್ವಿಚ್ ಹಾಕು. ಶನಿವಾರ ನಮ್ಮ ಮನೆಗೆ ಬಾ, ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿರುತ್ತೇನೆ. ತಕ್ಕಡಿ ಕೊಳ್ಳಬೇಡ, ನನ್ನದೇ ಒಯ್ಯಿ. ಅದರ ಮೇಲೆ ಹಾವು ಕೂತಿದ್ದನ್ನು ನೋಡಿದ ದಿನದಿಂದ ನಮ್ಮ ಮನೆಯವರು ಬೆಲ್ಲ ತೂಗಲು ಬಿಡುತ್ತಿಲ್ಲ.