ಫೋನ್ ಯಾವ ಕಡೆಯಿಂದ ಬಂತು?

ಹುಮನಾಬಾದಿನ ಓದುಗರೊಬ್ಬರು ಬರೆದಿದ್ದಾರೆ: "ಶಾಲೆ ಪಕ್ಕದ ವೈನ್ ಶಾಪ್ ತೆಗೆಸಿ ಅಂತ ಅರ್ಜಿ ಕೊಟ್ಟು ಸಾಕಾಯಿತು. ಅಧಿಕಾರಿಗಳು ಮೇಲಿನ ಫೋನ್ ಕಾಯುತ್ತಾರೆ. ಅಬಕಾರಿಗೆ ಒಂದು ಸ್ವತಂತ್ರ ಮಂಡಳಿ ಮಾಡಿದರೆ ಸರಿಹೋಗುತ್ತದೆ, ಅಲ್ವಾ?"

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಮಂಡಳಿ ಇದ್ದೂ ಕೆಟ್ಟ ಒಂದು ಕಥೆ ಹೇಳುತ್ತೇನೆ, ಕೇಳಿ.

ಕೆನಡಾದ ಕ್ವಿಬೆಕ್‌ನಲ್ಲಿ 1921ರಲ್ಲೇ ಮದ್ಯ ಆಯೋಗ ಹುಟ್ಟಿತ್ತು. ಮಾಂಟ್ರಿಯಲ್‌ನ ಫ್ರಾಂಕ್ ರೊಂಕರೆಲ್ಲಿ ಅವರ ಹೋಟೆಲಿಗೆ ಅದರ ಲೈಸೆನ್ಸ್ ಇತ್ತು. ಮನೆತನದ ಹೋಟೆಲು, 34 ವರ್ಷದಿಂದ ಲೈಸೆನ್ಸ್ ಪಡೆದದ್ದು. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು. ಕರಪತ್ರ ಹಂಚಿ ಸಿಕ್ಕಿಬಿದ್ದ ತಮ್ಮವರು ಸುಮಾರು 380 ಮಂದಿಗೆ ಜಾಮೀನು ನಿಂತರು. ಮದ್ಯಕ್ಕೂ ಜಾಮೀನಿಗೂ ಏನು ನಂಟು? ಆದರೂ 1946ರ ಡಿಸೆಂಬರ್ 4ರಂದು ಲೈಸೆನ್ಸ್ ಹೋಯಿತು. ಇನ್ನೆಂದೂ ಸಿಗುವುದಿಲ್ಲ ಎಂಬ ಮಾತೂ ಬಂತು. ಕೆಲವೇ ತಿಂಗಳಲ್ಲಿ ಹೋಟೆಲ್ ಮುಚ್ಚಿತು.

ಇಲ್ಲೂ ಫೋನ್ ಇತ್ತು. ಆದರೆ ಮೊದಲು ಫೋನ್ ಮಾಡಿದವರು ಪ್ರಾಂತದ ಮುಖ್ಯಮಂತ್ರಿ ಮಾರಿಸ್ ಡುಪ್ಲೆಸಿ ಅಲ್ಲ. ಆಯೋಗದ ಮುಖ್ಯಸ್ಥರೇ ಅವರಿಗೆ ಫೋನ್ ಮಾಡಿ, ಏನು ಮಾಡಲಿ ಅಂತ ಕೇಳಿದರು! ರದ್ದು ಮಾಡಿ ಎಂದರು ಡುಪ್ಲೆಸಿ. 1959ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಡುಪ್ಲೆಸಿ ಅವರೇ 33,123 ಡಾಲರ್ ಪರಿಹಾರ ಕೊಡಬೇಕೆಂದಿತು. ಕಾನೂನು ಕೊಟ್ಟ ಅಧಿಕಾರಕ್ಕೂ ಒಂದು ಎಲ್ಲೆ ಇದೆ ಎಂಬುದು ನ್ಯಾಯಮೂರ್ತಿ ಐವನ್ ರ‍್ಯಾಂಡ್ ಅವರ ವಾದ.

ಇದಕ್ಕೆ ಹತ್ತಿರದ ಮಾತನ್ನು ನಮ್ಮ ಸುಪ್ರೀಂ ಕೋರ್ಟ್ 1951ರಲ್ಲೇ ಹೇಳಿತ್ತು. ಅದು ಮುಂಬೈಯ ಗೋರ್ಧನದಾಸ್ ಭಾಂಜಿ ಪ್ರಕರಣ, ಸಿನಿಮಾ ಥಿಯೇಟರಿನದು. ಸರ್ಕಾರ ಹೇಳಿದೆ ಅಂತ ಪೊಲೀಸ್ ಕಮಿಷನರ್ ಅನುಮತಿ ರದ್ದು ಮಾಡಿದ್ದರು. ಅಧಿಕಾರ ನಿಮ್ಮದು, ನೀವೇ ಯೋಚಿಸಿ ತೀರ್ಮಾನಿಸಬೇಕಿತ್ತು ಎಂದಿತು ಕೋರ್ಟ್.

ಇನ್ನು ನಮ್ಮ ರಾಜ್ಯ. 1965ರ ಅಬಕಾರಿ ಕಾಯ್ದೆಯಲ್ಲಿ ಕಮಿಷನರನ್ನು ನೇಮಿಸುವುದು ಸರ್ಕಾರ. ಖಜಾನೆಗೆ ಮದ್ಯದ ಹಣ ಬೇಕಾದದ್ದೂ ಅದಕ್ಕೇ. 2003ರಿಂದ ಸಗಟು ಮಾರಾಟವೂ ಸರ್ಕಾರಿ ಪಾನೀಯ ನಿಗಮದ್ದೇ. ಮಾರುವವರೇ ಕಾಯುವವರು! ಇದು ಹೊಸದೇನಲ್ಲ. ನಿಜಾಮರ ಕಾಲದಲ್ಲೂ ಶಿಂದಿಯ ಗುತ್ತಿಗೆ ಖಜಾನೆಗೆ ದೊಡ್ಡ ವರಮಾನ. ನಮ್ಮ ಕಡೆ ಗುತ್ತೇದಾರ ಎಂಬ ಅಡ್ಡಹೆಸರು ಸುಮ್ನೆ ಬಂದದ್ದಲ್ಲ. ಇಂಥ ಕಡೆ ಮಂಡಳಿ ಮಾಡಿ, ಅದರ ಸದಸ್ಯರನ್ನು ಬೇಕೆಂದಾಗ ಬದಲಿಸುವ ಅಧಿಕಾರವನ್ನು ಸರ್ಕಾರವೇ ಇಟ್ಟುಕೊಂಡರೆ ಬಾಗಿಲ ಮೇಲಿನ ಹೆಸರಿನ ಫಲಕ ಬದಲಾಗುತ್ತದೆ, ಅಷ್ಟೇ.

ಅಂದಹಾಗೆ, ಆ ಅಂಗಡಿ ಶಾಲೆಯಿಂದ ಎಷ್ಟು ದೂರ ಅಂತ ನೀವು ಬರೆದಿಲ್ಲ. ಶಾಲೆಯಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದು ಎಂದು 1967ರ ಅಬಕಾರಿ ಲೈಸೆನ್ಸ್ ನಿಯಮದಲ್ಲಿದೆ. ಜನ ನಡೆದುಹೋಗುವ ದಾರಿ ಹಿಡಿದು, ಗೇಟಿನಿಂದ ಬಾಗಿಲಿಗೆ ಟೇಪ್ ಹಿಡಿಯಿರಿ. ಲೆಕ್ಕ ಬರೆದು ಅರ್ಜಿ ಕೊಡಿ, ಸಹಿ ಇರುವ ಉತ್ತರವನ್ನೇ ಕೇಳಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ.