ಕಾಡು ಸ್ನ್ಯಾಪ್‌ಡ್ರ್ಯಾಗನ್ ಸಸಿಗಳ ಬುಡ ಏಕೆ ಕೊಳೆಯುತ್ತದೆ?

ಬೆಂಗಳೂರಿನಲ್ಲಿ ಏಪ್ರಿಲ್‌ನಲ್ಲಿ ಬಿತ್ತಿದ ಕಾಡು ಸ್ನ್ಯಾಪ್‌ಡ್ರ್ಯಾಗನ್ ಮೊಳಕೆಗಳೆಲ್ಲ ಬುಡ ಕೊಳೆತು ಬಿದ್ದವು, ಗೊಬ್ಬರ ಸಾಲದೆ ಹೀಗಾಯಿತೇ ಎಂದು ಕೇಳಿದ್ದೀರಿ. ಗೊಬ್ಬರದ ಕೊರತೆಯಲ್ಲ, ಸೆಕೆ ಮತ್ತು ಅತಿಯಾದ ನೀರು ಸೇರಿ ತಂದ ಬುಡಕೊಳೆ ರೋಗವಿದು. ಈ ಗಿಡದ ತವರು ಸ್ಪೇನ್, ದಕ್ಷಿಣ ಫ್ರಾನ್ಸ್‌ಗಳ ಬಂಡೆಸಂದುಗಳು, ಹಳೆಯ ಕಲ್ಲುಗೋಡೆಗಳು. ಬೇರಿನ ಬಳಿ ನೀರು ನಿಂತರೆ ಅದು ಬದುಕದು. ಮಣ್ಣಿಗೆ ಮೂರನೇ ಒಂದು ಭಾಗ ದಪ್ಪ ಮರಳು ಬೆರೆಸಿ. ಗೊಬ್ಬರ ಕಡಿಮೆಯೇ ಇರಲಿ.

ಮತ್ತೆ ಬಿತ್ತಲು ಸೆಪ್ಟೆಂಬರ್ ಕೊನೆಯವರೆಗೆ ದಯವಿಟ್ಟು ಕಾಯಿರಿ. ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು. ಮಣ್ಣು ಮುಚ್ಚಬೇಡಿ, ಮೆಲ್ಲಗೆ ಒತ್ತಿದರೆ ಸಾಕು. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ತಳದಿಂದ ತೇವ ಏರಲು ಬಿಡಿ, ಮೇಲ್ಮೈ ಒದ್ದೆಯಾದೊಡನೆ ತೆಗೆದುಬಿಡಿ. ಸಸಿ 4 ಇಂಚು ಬೆಳೆದ ಮೇಲೆ, ಮನಸ್ಸು ಗಟ್ಟಿ ಮಾಡಿಕೊಂಡಾದರೂ ತುದಿ ಚಿವುಟಿ, ಕವಲು ಹೆಚ್ಚುತ್ತದೆ. ಎಲೆಯಡಿ ಕಂದು ಪುಡಿ ಕಂಡರೆ ಅದು ತುಕ್ಕು ರೋಗ, ಆ ಎಲೆಗಳನ್ನು ಕಿತ್ತು ದೂರ ಹಾಕಿ.

ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ಒಂದೇ ಗಿಡ ಸಾಲದು. ಕಾಡು ತಳಿ ತನ್ನದೇ ಪರಾಗದಿಂದ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಮುಚ್ಚಿದ ಹೂಬಾಯನ್ನು ತೂಕದ ದುಂಬಿಯೇ ತೆರೆಯಬೇಕು. ಬೇರೆ ಬೇರೆ ಬೀಜದಿಂದ ಹುಟ್ಟಿದ ಮೂರು ನಾಲ್ಕು ಗಿಡಗಳನ್ನು ಹತ್ತಿರ ಹತ್ತಿರ ಇಡಿ.