ಓದುಗರ ಪ್ರಶ್ನೆ: ಮನೋವಿಜ್ಞಾನ ಕಲಿಸುವವರಿಗೆ, ಕಲಿಯುವವರಿಗೆ

ಪ್ರಶ್ನೆ: ಪದವಿ ತರಗತಿಗೆ ಮನೋವಿಜ್ಞಾನ ಪಾಠ ಮಾಡುತ್ತೇನೆ. ಋಣಾತ್ಮಕ ಪುನರ್ಬಲನದ (ಅಹಿತಕರವಾದದ್ದು ಹೋಗುವುದರಿಂದ ವರ್ತನೆ ಹೆಚ್ಚುವುದು) ವ್ಯಾಖ್ಯೆ ಕೇಳಿದರೆ ವಿದ್ಯಾರ್ಥಿಗಳು ಗಡಗಡ ಒಪ್ಪಿಸುತ್ತಾರೆ. ಸನ್ನಿವೇಶ ಕೊಟ್ಟು ಗುರುತಿಸಿ ಎಂದರೆ ಅದನ್ನೇ ಶಿಕ್ಷೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ‘ಋಣಾತ್ಮಕ’ ಎಂದ ಕೂಡಲೇ ಕೆಟ್ಟದ್ದು ಎಂದುಕೊಳ್ಳುವುದರಿಂದ ಈ ಗೊಂದಲ. ವ್ಯಾಖ್ಯೆಯ ಬದಲು ಎರಡು ಪ್ರಶ್ನೆ ಹೇಳಿಕೊಡಿ, ಇದೇ ಕ್ರಮದಲ್ಲಿ. ವರ್ತನೆ ಹೆಚ್ಚಾಯಿತೋ ಕಡಿಮೆಯಾಯಿತೋ? ಏನಾದರೂ ಸೇರಿತೋ, ಏನಾದರೂ ಹೋಯಿತೋ? ಮಾತ್ರೆ ನುಂಗಿದಾಗ ತಲೆನೋವು ಹೋಯಿತು, ಮುಂದಿನ ಸಲವೂ ಮಾತ್ರೆಗೇ ಕೈಹಾಕಿದರು. ವರ್ತನೆ ಹೆಚ್ಚಾಗಿದೆ, ಹಾಗಾಗಿ ಪುನರ್ಬಲನ (ಕಡಿಮೆಯಾಗಿದ್ದರೆ ಶಿಕ್ಷೆ). ನೋವು ಹೋಗಿದೆ, ಹಾಗಾಗಿ ಋಣಾತ್ಮಕ. ಮೊದಲ ಪ್ರಶ್ನೆ ಬಿಟ್ಟು ಎರಡನೆಯದಕ್ಕೆ ಹಾರಿದವರೇ ಶಿಕ್ಷೆ ಎಂದು ಬರೆಯುವುದು.

ಇನ್ನು ನೆನಪಿನ ಮಾತು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಇದನ್ನು ತರಗತಿಗೆ ಇಳಿಸುವುದು ಸುಲಭ. ಮೊದಲ ಐದು ನಿಮಿಷ ನಾಲ್ಕು ಪ್ರಶ್ನೆ: ಎರಡು ಹಿಂದಿನ ತರಗತಿಯವು, ಒಂದು ಹೋದ ವಾರದ್ದು, ಒಂದು ತಿಂಗಳ ಹಿಂದಿನದು. ಒಬ್ಬರನ್ನು ಎಬ್ಬಿಸಿ ಕೇಳಿದರೆ ಉಳಿದವರ ತಲೆ ಕೆಲಸ ಮಾಡುವುದಿಲ್ಲ, ಎಲ್ಲರೂ ಬರೆಯಲಿ. ಸರಿಯುತ್ತರ ಆಗಲೇ ಹೇಳಿಬಿಡಿ. ಅಂಕ ಬೇಡ, ಕೊಟ್ಟರೆ ಪಕ್ಕದವರ ಹಾಳೆ ನೋಡುವುದು ಶುರುವಾಗುತ್ತದೆ. ನಾಲ್ಕರಲ್ಲಿ ಒಂದಾದರೂ ಹಿಂದೆ ಕೊಡದ ಹೊಸ ಸನ್ನಿವೇಶವಾಗಿರಲಿ.

ಪ್ರಶ್ನೆ: ಪ್ರಾಕ್ಟಿಕಲ್ಸ್‌ನಲ್ಲಿ ಸ್ಟ್ರೂಪ್ ಪ್ರಯೋಗ (ಬಣ್ಣದ ಹೆಸರನ್ನು ಓದದೆ, ಅದು ಅಚ್ಚಾದ ಶಾಯಿಯ ಬಣ್ಣವನ್ನು ಬೇಗ ಹೇಳುವುದು) ಮಾಡಿಸುತ್ತೇವೆ. ಎಲ್ಲರ ರೆಕಾರ್ಡ್ ಪುಸ್ತಕದಲ್ಲೂ ಒಂದೇ ತೀರ್ಮಾನ. ಇದರಿಂದ ಸಂಶೋಧನೆ ಕಲಿಸಿದಂತಾಗುತ್ತದೆಯೇ?

ಉತ್ತರ: ಫಲಿತಾಂಶಕ್ಕೆ ಅಂಕ ಕೊಡುವವರೆಗೂ ಇಲ್ಲ. ‘ನಿರೀಕ್ಷಿತ ಫಲಿತಾಂಶ ಬರಲಿಲ್ಲ’ ಎಂದು ಬರೆದವರಿಗೆ ಅಂಕ ಕಡಿದರೆ, ಮುಂದಿನ ಸಲ ಅವರು ಅಂಕಿಗಳನ್ನು ತಾವೇ ಹುಟ್ಟಿಸುತ್ತಾರೆ. ಅಂಕ ವಿಧಾನಕ್ಕೆ ಇರಲಿ.

1935ರಲ್ಲಿ ಸ್ಟ್ರೂಪ್ ಪ್ರಕಟಿಸಿದ ಈ ಪ್ರಯೋಗ ವಿಧಾನ ಕಲಿಸಲು ಹೇಳಿ ಮಾಡಿಸಿದಂತಿದೆ, ಏಕೆಂದರೆ ತಪ್ಪಲು ಬೇಕಾದಷ್ಟು ಜಾಗಗಳಿವೆ. ಎರಡು ಕಾರ್ಡ್ ಮಾಡಿಸಿ. ಒಂದರಲ್ಲಿ ಬರೀ ಬಣ್ಣದ ಚೌಕಗಳು, ಇನ್ನೊಂದರಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಅಚ್ಚಾದ ಬಣ್ಣದ ಹೆಸರುಗಳು. ನಾಲ್ಕು ಬಣ್ಣ, ಪ್ರತಿ ಬಣ್ಣ ಹತ್ತು ಸಲ, ಒಟ್ಟು 40. ಒಂದೇ ಬಣ್ಣ ಸಾಲಾಗಿ ಎರಡು ಸಲ ಬರಬಾರದು. ಹಿಂದಿನ ಪದ ಹೇಳುವ ಬಣ್ಣವೇ ಮುಂದಿನ ಪದದ ಶಾಯಿಯಾಗಬಾರದು. ಹಾಗಾದರೆ ಉತ್ತರ ಇನ್ನಷ್ಟು ನಿಧಾನವಾಗುತ್ತದೆ. ಪದಗಳು ಓದುವವರಿಗೆ ಅತಿ ಸಲೀಸಾದ ಭಾಷೆಯಲ್ಲಿರಲಿ, ತಡವರಿಸಿ ಓದುವ ಭಾಷೆಯಲ್ಲಿ ಅಡ್ಡಿಯೂ ಸಣ್ಣದಾಗುತ್ತದೆ. ಅರ್ಧ ಜನ ಚೌಕದ ಕಾರ್ಡಿನಿಂದ, ಇನ್ನರ್ಧ ಪದದ ಕಾರ್ಡಿನಿಂದ ಆರಂಭಿಸಲಿ. ಇಲ್ಲದಿದ್ದರೆ ಸಮಯದ ವ್ಯತ್ಯಾಸ ಕಾರ್ಡಿನದೋ, ಅಭ್ಯಾಸ ಮತ್ತು ಆಯಾಸದ್ದೋ ಹೇಳಲಾಗದು. ತಪ್ಪಿದರೆ ತಿದ್ದಿಕೊಂಡೇ ಮುಂದೆ ಹೋಗಬೇಕು. ಕೆಂಪು-ಹಸಿರು ಗುರುತಿಸಲು ಕಷ್ಟವಿದೆಯೇ ಎಂದು ಮೊದಲೇ ಖಾಸಗಿಯಾಗಿ ಕೇಳಿ.

ಊಹೆ, ಯಾರ ದತ್ತಾಂಶ ಕೈಬಿಡುತ್ತೀರಿ, ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಹಾಕುತ್ತೀರಿ — ಇವನ್ನು ಪ್ರಯೋಗಕ್ಕೆ ಮುಂಚೆಯೇ ಬರೆಸಿ ಸಹಿ ಹಾಕಿ ಇಟ್ಟುಕೊಳ್ಳಿ. ಓಪನ್ ಸೈನ್ಸ್ ಕೊಲಾಬೊರೇಷನ್ ಎಂಬ ಸಂಶೋಧಕರ ಕೂಟ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿ 2015ರಲ್ಲಿ ಪ್ರಕಟಿಸಿತು. ಮೂಲದಲ್ಲಿ ಶೇ. 97ರಷ್ಟು ಸಾರ್ಥಕ (ಬರೀ ಆಕಸ್ಮಿಕ ಎನ್ನಲಾಗದ) ಫಲಿತಾಂಶ ತೋರಿದ್ದವು, ಪುನರಾವರ್ತನೆಯಲ್ಲಿ ಶೇ. 36 ಮಾತ್ರ. ಸಣ್ಣ ಗುಂಪುಗಳು ಇದಕ್ಕೆ ಒಂದು ಕಾರಣ. ಸ್ಟ್ರೂಪ್ ಪರಿಣಾಮ (ಪದದ ಕಾರ್ಡಿನಲ್ಲಿ ಆಗುವ ವಿಳಂಬ) ದೊಡ್ಡದು, ಒಬ್ಬರೇ ಎರಡೂ ಕಾರ್ಡ್ ಓದುತ್ತಾರೆ, ಹಾಗಾಗಿ 30 ಜನರಲ್ಲೂ ಕಾಣುತ್ತದೆ. ಅದೇ ತರಗತಿಯನ್ನು 15-15ರ ಎರಡು ಗುಂಪು ಮಾಡಿ ಮಧ್ಯಮ ಗಾತ್ರದ ವ್ಯತ್ಯಾಸ ಹುಡುಕಿದರೆ ಅದು ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದರಷ್ಟೇ. ಶೇ. 80ರ ಸಾಧ್ಯತೆ ಬೇಕೆಂದರೆ ಗುಂಪಿಗೆ 64 ಜನ ಬೇಕು.

ಪ್ರಶ್ನೆ: ನಮ್ಮ ಆಪ್ತಸಮಾಲೋಚನಾ ತರಬೇತಿಯವರಿಗೆ ಪ್ರೇರಣಾತ್ಮಕ ಸಂದರ್ಶನದ (ಬದಲಾಗುವ ಮನಸ್ಸನ್ನು ಎದುರಿನವರಿಂದಲೇ ಹೊರತರುವ ಮಾತುಕತೆಯ ವಿಧಾನ) ಎರಡು ದಿನದ ಕಾರ್ಯಾಗಾರ ನಡೆಸಿದೆವು. ಎಲ್ಲರೂ ಮೆಚ್ಚಿದರು. ಎರಡು ತಿಂಗಳಲ್ಲಿ ಮತ್ತೆ ಹಳೆಯ ರೀತಿ, ಪ್ರಶ್ನೆಯ ಮೇಲೆ ಪ್ರಶ್ನೆ.

ಉತ್ತರ: ಕಾರ್ಯಾಗಾರ ಮೆಚ್ಚುಗೆಯಾಗುವುದಕ್ಕೂ ಕೌಶಲ ಉಳಿಯುವುದಕ್ಕೂ ಸಂಬಂಧ ಕಡಿಮೆ. ಈ ವಿಧಾನವನ್ನು ರೂಪಿಸಿದ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು: ಬರೀ ಕಾರ್ಯಾಗಾರದಿಂದ ಬಂದ ಕೌಶಲ ತಿಂಗಳುಗಳಲ್ಲಿ ಸವೆಯಿತು, ನಂತರ ಫೀಡ್‌ಬ್ಯಾಕ್ ಅಥವಾ ಕೋಚಿಂಗ್ ಪಡೆದವರಲ್ಲಿ ನಿಂತಿತು. ಬಜೆಟ್ ಒಂದೇ ಆದರೆ ಎರಡನೆಯ ದಿನವನ್ನು ರದ್ದುಮಾಡಿ ಆ ಗಂಟೆಗಳನ್ನು ಮುಂದಿನ ವಾರಗಳಿಗೆ ಹಂಚುವುದೇ ವಾಸಿ.

ಮೂವರ ಗುಂಪು ಮಾಡಿ: ಸಮಾಲೋಚಕ, ಸಮಾಲೋಚಿತ, ವೀಕ್ಷಕ. ಹತ್ತು ನಿಮಿಷ ಮಾತು, ಒಂದೇ ಕೌಶಲ. ಪ್ರತಿಫಲನದಿಂದ, ಅಂದರೆ ಎದುರಿನವರ ಮಾತಿನ ಸಾರವನ್ನು ಅವರಿಗೇ ಮರಳಿ ಹೇಳುವುದರಿಂದ, ಆರಂಭಿಸಿ. ವೀಕ್ಷಕ ಅಭಿಪ್ರಾಯ ಬರೆಯುವುದು ಬೇಡ, ಪ್ರಶ್ನೆಗೊಂದು ಗೆರೆ, ಪ್ರತಿಫಲನಕ್ಕೊಂದು ಗೆರೆ ಎಳೆಯಲಿ. ಇಂಥ ಸಂದರ್ಶನ ಅಳೆಯುವ ಮಿಟಿ ಮಾಪಕದ ಪ್ರಕಾರ ಪ್ರಶ್ನೆಯಷ್ಟೇ ಪ್ರತಿಫಲನವಿದ್ದರೆ ಸಾಧಾರಣ, ಎರಡರಷ್ಟಿದ್ದರೆ ಉತ್ತಮ.

ಯಾವುದು ಪ್ರತಿಫಲನ ಎಂಬಲ್ಲೇ ಎಣಿಕೆ ಕೆಡುತ್ತದೆ. ಎದುರಿನವರು ‘ಕೆಲಸಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ, ಬಿಟ್ಟರೆ ಮನೆ ನಡೆಯುವುದು ಹೇಗೆ’ ಎನ್ನುತ್ತಾರೆ ಎಂದುಕೊಳ್ಳಿ. ‘ಹೋಗಲು ಮನಸ್ಸಿಲ್ಲ, ಬಿಡುವ ಹಾಗೂ ಇಲ್ಲ’ — ಸರಳ ಪ್ರತಿಫಲನ. ‘ಎತ್ತ ತಿರುಗಿದರೂ ದಾರಿ ಕಾಣದೆ ಸಾಕಾಗಿಹೋಗಿದೆ’ — ಹೇಳದೆ ಉಳಿದದ್ದನ್ನು ಮುಟ್ಟುವ ಸಂಕೀರ್ಣ ಪ್ರತಿಫಲನ. ‘ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ’ ಎರಡೂ ಅಲ್ಲ. ತರಬೇತಿಯವರು ಅತಿ ಹೆಚ್ಚು ಬಳಸುವುದು ಇದನ್ನೇ, ಅರ್ಥವಾಗಿದೆ ಎಂಬುದಕ್ಕೆ ಅದರಲ್ಲಿ ಯಾವ ಪುರಾವೆಯೂ ಇಲ್ಲ.

ಫೀಡ್‌ಬ್ಯಾಕ್ ಎಂದರೆ ‘ಚೆನ್ನಾಗಿತ್ತು’ ಅಲ್ಲ. ಒಂದು ಜಾಗ ಆರಿಸಿ, ಅಲ್ಲಿ ಬೇರೆ ಏನು ಹೇಳಬಹುದಿತ್ತು ಎಂದು ಅವರಿಂದಲೇ ಹೇಳಿಸಿ, ಆ ಎರಡು ನಿಮಿಷವನ್ನು ಮತ್ತೆ ಮಾಡಿಸಿ. ಈ ಮತ್ತೆ ಮಾಡಿಸುವುದನ್ನೇ ಹೆಚ್ಚಿನವರು ಸಮಯವಿಲ್ಲವೆಂದು ಬಿಡುತ್ತಾರೆ. ಬಿಟ್ಟರೆ ಉಳಿಯುವುದು ಬರೀ ಚರ್ಚೆ.

ನಂತರ ನಿಜವಾದ ಸೆಷನ್‌ಗಳ ಧ್ವನಿಮುದ್ರಣ. ಇದು ಹೊಸದೇನಲ್ಲ, ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಮುದ್ರಿಸಿಕೊಂಡ ಒಂದು ಪೂರ್ಣ ಚಿಕಿತ್ಸೆಯ ಮಾತುಕತೆಯನ್ನು 1942ರಲ್ಲೇ ಪ್ರಕಟಿಸಿದ್ದರು. ಲಿಖಿತ ಒಪ್ಪಿಗೆಯಲ್ಲಿ ಇಷ್ಟು ಇರಲಿ: ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತಾರೆ, ನಡುವೆ ನಿಲ್ಲಿಸಬಹುದು, ಬೇಡವೆಂದರೂ ಸೇವೆ ನಿಲ್ಲದು. ತಾನಾಗಿ ಕ್ಲೌಡ್‌ಗೆ ಏರಿಸುವ ಸ್ವಂತ ಫೋನಿನಲ್ಲಿ ಮುದ್ರಿಸುವುದು ಬೇಡ. ಪೂರ್ತಿ ಕೇಳಲು ಯಾವ ಸೂಪರ್‌ವೈಸರ್‌ಗೂ ಆಗದು. ತಮಗೆ ಕಷ್ಟವಾದ ಐದು ನಿಮಿಷವನ್ನು ತರಬೇತಿಯವರು ಆರಿಸಲಿ, ಇನ್ನೈದನ್ನು ಕಣ್ಣುಮುಚ್ಚಿ ನೀವು ಆರಿಸಿ. ಅವರ ಆಯ್ಕೆಯೊಂದನ್ನೇ ನಂಬಿದರೆ, ತಾವು ಎಡವಿದ್ದು ತಮಗೇ ಗೊತ್ತಾಗದ ಜಾಗಗಳು ನಿಮ್ಮ ಕಿವಿಗೆ ಬೀಳುವುದೇ ಇಲ್ಲ.

ಪ್ರಶ್ನೆ: ಸಂಶೋಧನೆಗೆ ಒತ್ತು ಕೊಡುವ ಕೋರ್ಸ್ ಸೇರಲೋ, ಚಿಕಿತ್ಸಾ ತರಬೇತಿಗೆ ಒತ್ತು ಕೊಡುವುದನ್ನೋ?

ಉತ್ತರ: ಅಮೆರಿಕದಲ್ಲಿ 1949ರ ಬೌಲ್ಡರ್ ಸಮ್ಮೇಳನ ವಿಜ್ಞಾನಿಯೂ ಚಿಕಿತ್ಸಕನೂ ಒಬ್ಬನೇ ಆಗಿರಬೇಕೆಂದಿತು, 1973ರ ವೇಲ್ ಸಮ್ಮೇಳನ ಚಿಕಿತ್ಸೆಯನ್ನೇ ಮುಖ್ಯವಾಗಿಸಿದ ಇನ್ನೊಂದು ದಾರಿಯನ್ನು ಒಪ್ಪಿತು. ಹಣೆಪಟ್ಟಿ ನೋಡಿ ಆರಿಸಬೇಡಿ. ಕೊನೆಯ ವರ್ಷದವರನ್ನು ಎರಡು ಮಾತು ಕೇಳಿ: ಹೋದ ತಿಂಗಳು ನಿಮ್ಮ ಸೆಷನ್ ಅನ್ನು ಬೇರೆಯವರು ಎಷ್ಟು ಸಲ ನೋಡಿದರು ಅಥವಾ ಕೇಳಿದರು? ದತ್ತಾಂಶವನ್ನು ನೀವೇ ವಿಶ್ಲೇಷಿಸಿದಿರೋ, ಬೇರೆಯವರಿಂದ ಮಾಡಿಸಿದಿರೋ?

ಪ್ರಶ್ನೆ: ತರಬೇತಿಯಲ್ಲಿದ್ದೇನೆ. ಒಬ್ಬರ ಪಿಎಚ್‌ಕ್ಯೂ-9 (ಖಿನ್ನತೆಯ ಲಕ್ಷಣ ಅಳೆಯುವ ಒಂಬತ್ತು ಪ್ರಶ್ನೆಗಳ ನಮೂನೆ) ಮೊತ್ತ 8 ಬಂತು, ‘ಸೌಮ್ಯ’ ಎಂದು ಬರೆದು ಕಳಿಸಿದೆ. ಸೂಪರ್‌ವೈಸರ್ ಗದರಿದರು. ಕೂಡಿದ್ದು ಸರಿಯೇ ಇತ್ತಲ್ಲ?

ಉತ್ತರ: 5ರಿಂದ 9 ಸೌಮ್ಯ, ನಿಜ. ಒಂಬತ್ತನೆಯ ಪ್ರಶ್ನೆಗೆ ಏನು ಗುರುತು ಹಾಕಿದ್ದರು? ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು ಕೇಳುವುದು ಅದೇ. ಮೊತ್ತದಲ್ಲಿ ಅದು ಮುಚ್ಚಿಹೋಗುತ್ತದೆ. ಕೂಡುವ ಮೊದಲು ಅದನ್ನು ನೋಡಿ. 0 ಬಿಟ್ಟು ಬೇರೇನಿದ್ದರೂ ಆ ಭೇಟಿಯಲ್ಲೇ ನೇರವಾಗಿ ಕೇಳಿ: ಯೋಚನೆ ಎಷ್ಟು ಸಲ, ಹೇಗೆಂದು ಯೋಚಿಸಿದ್ದಾರೆಯೇ, ಸಾಧನ ಕೈಗೆಟಕುತ್ತದೆಯೇ, ಹಿಂದೆ ಪ್ರಯತ್ನಿಸಿದ್ದರೇ, ಜೊತೆಗೆ ಯಾರಿದ್ದಾರೆ. ಕೇಳಿದರೆ ತಲೆಯಲ್ಲಿ ಇಲ್ಲದ್ದನ್ನು ಬಿತ್ತಿದಂತಾಗುತ್ತದೆ ಎಂಬ ಭಯಕ್ಕೆ ಅಧ್ಯಯನಗಳ ಆಧಾರವಿಲ್ಲ. ಅವರು ಕೊಠಡಿ ಬಿಡುವ ಮೊದಲೇ ಸೂಪರ್‌ವೈಸರ್‌ಗೆ ತಿಳಿಸಿ. ಇನ್ನೊಂದು: ಈ ನಮೂನೆ ಕಳೆದ ಎರಡು ವಾರದ ಲಕ್ಷಣಗಳನ್ನು ಮೊದಲ ಹಂತದಲ್ಲಿ ಸೋಸಿ ನೋಡುವ ಸಾಧನ. ರೋಗನಿರ್ಣಯದ ಅಂಕಣದಲ್ಲಿ ಅದರ ಮೊತ್ತವನ್ನು ಬರೆಯಬೇಡಿ.